ಸಗರನಾಡಿನ ಪ್ರವಾಸೋದ್ಯಮಕ್ಕೂ ಒಂದು ಲೆಕ್ಕದ ಸಭೆ ಬೇಕು

ಕಲಬುರಗಿಯ ಖ್ವಾಜಾ ಬಂದೇ ನವಾಝ್ ದರ್ಗಾಕ್ಕೆ ಝಿಯಾರತ್ ಹೋಗಿ ಬಂದವರು ನಮ್ಮ ಪ್ರತಿ ಮೊಹಲ್ಲಾದಲ್ಲೂ ಸಿಗುತ್ತಾರೆ. ನಾಲ್ಕು ಮನೆಯವರು ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೊರಟರೆ ವಿಜಯಪುರದಲ್ಲಿ ಗೋಲಗುಮ್ಮಟ ನೋಡುವುದು, ಕಲಬುರಗಿ ತಲುಪುವುದು, ಮತ್ತೆ ಸೀದಾ ಊರಿಗೆ. ಅಲ್ಲೇ ಪಕ್ಕದಲ್ಲಿರುವ ಸಗರನಾಡು, ಅಂದರೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಸೀಮೆ, ನಮ್ಮ ಪಟ್ಟಿಯಲ್ಲಿ ಇರುವುದೇ ಇಲ್ಲ. ಇಲ್ಲದಿರುವುದು ನಮ್ಮ ತಪ್ಪು ಮಾತ್ರವಲ್ಲ. ಅಲ್ಲಿ ಏನಿದೆ ಅಂತ ನಮಗೆ ಹೇಳಿದವರು ಯಾರು?

ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ವಂಶಕ್ಕೆ ಅಡಿಪಾಯ ಹಾಕಿದ ಯೂಸುಫ್ ಆದಿಲ್ ಶಾಹನ ಕಬರ್ ವಿಜಯಪುರದಲ್ಲಿಲ್ಲ. ಅದಿರುವುದು ಶಹಾಪುರ ತಾಲೂಕಿನ ಗೋಗಿ ಎಂಬ ಊರಲ್ಲಿ, ಚಂದಾ ಹುಸೇನಿ ದರ್ಗಾದ ಹತ್ತಿರ. ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೇ ಇಬ್ರಾಹಿಂ ಕೂಡ ಅಲ್ಲೇ ದಫನಾಗಿದ್ದಾರೆ. ಇನ್ನು ಸಗರ ಎಂಬ ಊರಲ್ಲೇ ಸೂಫಿ ಸರಮಸ್ತರ ದರ್ಗಾ ಇದೆ. ಬಂದೇ ನವಾಝರು ಕಲಬುರಗಿಗೆ ಬರುವುದಕ್ಕೂ ನೂರು ವರ್ಷ ಮೊದಲೇ, 13ನೇ ಶತಮಾನದಲ್ಲಿ, ಈ ಕಡೆ ಬಂದವರು ಅವರು.

ದರ್ಗಾ ಮಾತ್ರವಲ್ಲ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟಸಾಲು ಇದೆ. ಕೃಷ್ಣಾ ತೀರದ ತಿಂಥಣಿಯಲ್ಲಿ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮೌನೇಶ್ವರರ ಗುಡಿ ಇದೆ. ಸುರಪುರದಲ್ಲಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ ರಾಜಾ ವೆಂಕಟಪ್ಪ ನಾಯಕರ ನೆನಪಿದೆ, ಅವರನ್ನು ಬಾಲ್ಯದಿಂದ ಕಂಡಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಇದೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಸಂಶೋಧಕರು ಅದಕ್ಕೆ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಇಷ್ಟೆಲ್ಲ ಒಂದೇ ಜಿಲ್ಲೆಯಲ್ಲಿ.

ಕಳೆದ ಸಲ ನಾವು ಆ ಕಡೆ ಗಾಡಿ ತಿರುಗಿಸಿದೆವು. ಒಂದು ಕಡೆ, ಊರ ಹೆಸರು ಬೇಡ, ಯಾತ್ರಿಗಳಿಗೆ ಅಂತ ಕಟ್ಟಿದ ಕಟ್ಟಡ ಸಿಕ್ಕಿತು. ಉದ್ಘಾಟನೆಯ ಕಲ್ಲು ಚೆನ್ನಾಗಿಯೇ ಇತ್ತು. ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರು ಪಂಚಾಯತ್ ಅಂದರು, ಇನ್ನೊಬ್ಬರು ಇಲಾಖೆ ಅಂದರು. ನಮ್ಮ ಜೊತೆ ಮೊಣಕಾಲು ನೋವಿನ ಉಮ್ಮ ಇದ್ದರು, ಸಣ್ಣ ಮಕ್ಕಳಿದ್ದರು. ಕೊನೆಗೆ ಪಕ್ಕದ ಮನೆಯ ಹೆಂಗಸೊಬ್ಬರು ಒಳಗೆ ಕರೆದು ಶೌಚಕ್ಕೆ ಜಾಗ ತೋರಿಸಿ, ಕುಡಿಯಲು ನೀರೂ ಕೊಟ್ಟರು. ಸರಕಾರದ ಹಣ ಮಾಡಬೇಕಿದ್ದ ಕೆಲಸವನ್ನು ಅವರು ಮಾಡಿದರು. ನಾವು ಕೊಡಲು ಹೋದ ಹಣವನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ.

ಇದು ಹಣ ಇಲ್ಲದ ಕತೆಯಾ? ಅಲ್ಲ. ಸಂವಿಧಾನದ 371(ಜೆ) ವಿಧಿಯಂತೆ ಆ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. ಈಗ ಅದರ ಹೆಸರು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ. 2023-24ರಿಂದ ರಾಜ್ಯ ಬಜೆಟ್‌ಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಘೋಷಣೆಯಾಗುತ್ತಾ ಬಂದಿದೆ. ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ಅದರಲ್ಲೇ ಆಗಬೇಕು, ಒಪ್ಪುತ್ತೇವೆ. ಅದರ ಹೊರಗೆ ಪ್ರವಾಸೋದ್ಯಮ ಇಲಾಖೆಯ ಸ್ವಂತ ಅನುದಾನ ಇದೆ, ಪ್ರಚಾರಕ್ಕೆ ಬೇರೆ ಖರ್ಚು ಇದೆ. ಕೇಂದ್ರದ ಸ್ವದೇಶ ದರ್ಶನ 2.0 ಯೋಜನೆಗೆ ಕರ್ನಾಟಕದಿಂದ ಆಯ್ಕೆಯಾದದ್ದು ಹಂಪಿ ಮತ್ತು ಮೈಸೂರು. ಮೊದಲೇ ಹೆಸರು ಮಾಡಿದ ಊರಿಗೇ ಮತ್ತೆ ಪ್ರಚಾರ, ಹೆಸರಿಲ್ಲದ ಊರಿಗೆ ಬೀಗ ಹಾಕಿದ ಕಟ್ಟಡ ಅಂತಾದರೆ ಹೇಗೆ?

ತೊಂದರೆ ಇರುವುದು ಲೆಕ್ಕ ಕೇಳುವ ಜಾಗದಲ್ಲಿ. ಸಾಮಾನ್ಯವಾಗಿ ಸ್ಮಾರಕ ಒಂದು ಇಲಾಖೆಯದ್ದು, ರಸ್ತೆ ಇನ್ನೊಂದರದ್ದು, ದರ್ಗಾದ ಜಾಗ ವಕ್ಫ್‌ನದ್ದು, ಕಸ ಪಂಚಾಯತಿನದ್ದು, ಜಾಹೀರಾತು ಪ್ರವಾಸೋದ್ಯಮ ಇಲಾಖೆಯದ್ದು. ಎಲ್ಲರದ್ದೂ ಆದದ್ದು ಕೊನೆಗೆ ಯಾರದ್ದೂ ಅಲ್ಲ. ಮಹಾಲೇಖಪಾಲರ ವರದಿ ವಿಧಾನಸಭೆಗೆ ಹೋಗುತ್ತದೆ. 371(ಜೆ) ಪ್ರಕಾರ ಮಂಡಳಿಯ ಕೆಲಸದ ವರದಿಯನ್ನೂ ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು. ಒಳ್ಳೆಯದೇ. ಆದರೆ ಬೆಂಗಳೂರಿನ ಮೇಜಿನ ಮೇಲೆ ಇಟ್ಟ ವರದಿ ಗೋಗಿಯ ಚಹಾದಂಗಡಿಗೆ ತಲುಪುವುದು ಯಾವಾಗ?

ನಮ್ಮ ಜಮಾಅತ್‌ನ ಮಹಾಸಭೆ ನೆನಪು ಮಾಡಿಕೊಳ್ಳಿ. ಕಾರ್ಯದರ್ಶಿ ನಿಂತು ಲೆಕ್ಕ ಓದುತ್ತಾರೆ. ಉರೂಸಿನ ಪೆಂಡಾಲಿಗೆ ಇಷ್ಟು, ಮೈಕಿಗೆ ಇಷ್ಟು, ಅನ್ನದಾನಕ್ಕೆ ಇಷ್ಟು. ಹಿಂದಿನ ಸಾಲಿನಿಂದ ಒಬ್ಬರು ಎದ್ದು 'ಹೋದ ವರ್ಷ ಲೈಟಿಗೆ ಇಷ್ಟು ಆಗಿರಲಿಲ್ಲ ಅಲ್ವಾ?' ಅಂತ ಕೇಳಿಯೇ ಕೇಳುತ್ತಾರೆ. ಕೆಲವೊಮ್ಮೆ ಜಗಳವೂ ಆಗುತ್ತದೆ. ಆದರೂ ಆ ಒಂದು ಪ್ರಶ್ನೆಯ ಭಯಕ್ಕೆ ವರ್ಷವಿಡೀ ಬಿಲ್ಲುಗಳು ಸರಿಯಾಗಿ ಫೈಲಾಗುತ್ತವೆ. ಪ್ರವಾಸೋದ್ಯಮದ ಹಣಕ್ಕೂ ಇಂಥದ್ದೇ ಸಭೆ ಬೇಕು, ಅದೂ ಆಯಾ ಊರಲ್ಲೇ. ಇದೇನು ಹೊಸ ಮಾತಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮಸಭೆಗೆ ಸಾಮಾಜಿಕ ಲೆಕ್ಕ ಪರಿಶೋಧನೆಯ ಅಧಿಕಾರ ಕೊಟ್ಟಿತು. ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಕೇಳುವ ಮೊದಲೇ ಕಚೇರಿಗಳು ತಮ್ಮ ಖರ್ಚಿನ ವಿವರ ಪ್ರಕಟಿಸಬೇಕು ಅನ್ನುತ್ತದೆ.

ಹಾಗಾಗಿ ನಾವು ಕೇಳುವುದು ಮೂರೇ ಮಾತು. ಒಂದು, ಜಿಲ್ಲಾಧಿಕಾರಿಯವರು ವರ್ಷಕ್ಕೊಮ್ಮೆ ಗೋಗಿ, ಸಗರ, ಸುರಪುರ, ಹುಣಸಗಿಯಂಥ ಊರಲ್ಲೇ ಕೂತು, ಆ ಊರಿನ ಹೆಸರಲ್ಲಿ ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಓದಿಸಲಿ. ಎರಡು, ಕಟ್ಟಡ ಕಟ್ಟುವ ಮೊದಲೇ ಅದರ ಬೀಗದ ಕೈ ಯಾರ ಹತ್ತಿರ, ಗುಡಿಸುವವರ ಸಂಬಳ ಯಾವ ಲೆಕ್ಕದಿಂದ ಅಂತ ನಿರ್ಧಾರವಾಗಲಿ. ಆಮೇಲೆ ಜಾಹೀರಾತು. ಮೂರು, ಹಣ ಫಲ ಕೊಟ್ಟಿತೇ ಎಂದು ಅಳೆಯುವುದು ಪೋಸ್ಟರ್ ಎಣಿಸಿ ಅಲ್ಲ, ಆ ಊರಿನ ಎಷ್ಟು ಮನೆಗೆ ದುಡಿಮೆ ಸಿಕ್ಕಿತು ಎಂದು ಎಣಿಸಿ.

ಈ ಮೂರನೆಯ ಮಾತು ನಮ್ಮ ಕರಾವಳಿಗೂ ಸಂಬಂಧಿಸಿದ್ದು. ಮಂಗಳೂರಲ್ಲಿ ನಮ್ಮ ಮನೆ ಕಟ್ಟುವಾಗ ಕಲ್ಲು ಹೊತ್ತವರು, ಸೆಂಟ್ರಿಂಗ್ ಕಟ್ಟಿದವರು ಎಷ್ಟೋ ಜನ ಯಾದಗಿರಿ, ರಾಯಚೂರು ಕಡೆಯವರು. ಮಕ್ಕಳ ಶಾಲೆ ಬಿಡಿಸಿ, ಶೆಡ್ಡಿನಲ್ಲಿ ಸಂಸಾರ ಹೂಡಿ ಬಂದವರು. ಅವರ ಊರಲ್ಲೇ ಒಬ್ಬ ಹುಡುಗನಿಗೆ ಗೈಡ್ ಕೆಲಸ, ಒಬ್ಬ ತಾಯಿಗೆ ಜೋಳದ ರೊಟ್ಟಿಯ ಖಾನಾವಳಿ ಆದರೆ ಎಲ್ಲರ ಗುಳೆ ನಿಲ್ಲುತ್ತದೆ ಅಂತ ನಾವು ಹೇಳುವುದಿಲ್ಲ. ನಾಲ್ಕು ಮನೆಯ ಬಾಗಿಲಾದರೂ ವರ್ಷವಿಡೀ ತೆರೆದಿರುತ್ತದೆ.

ಇನ್ನೊಂದು ಮಾತು ನಮ್ಮವರಿಗೇ. ದರ್ಗಾಕ್ಕೆ ಮಾತ್ರ ಹಣ ಕೊಡಿ ಎಂದು ಕೇಳುವುದು ಬೇಡ. ಬುದ್ಧನ ಬೆಟ್ಟ, ಮೌನೇಶ್ವರರ ಗುಡಿ, ನಾಯಕರ ಕೋಟೆ, ಗೋಗಿಯ ಗುಮ್ಮಟ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕೇಳೋಣ. ಒಂದೇ ದಾರಿಯಲ್ಲಿ ಇರುವಂಥವು, ಒಂದೇ ಹಣದಲ್ಲಿ ಆಗಬೇಕಾದಂಥವು.

ಮುಂದಿನ ಸಲ ಕಲಬುರಗಿಗೆ ಗಾಡಿ ಬುಕ್ ಮಾಡುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಸಗರಕ್ಕೆ, ಗೋಗಿಗೆ ಹೋಗಿ, ಅಲ್ಲೇ ಊಟ ಮಾಡಿ. ಬೀಗ ಹಾಕಿದ ಸರಕಾರಿ ಕಟ್ಟಡ ಕಂಡರೆ ಫೋಟೋ ತೆಗೆದು, ಊರಿನ ಹೆಸರು, ತಾರೀಕು ಬರೆದು ಜಿಲ್ಲಾಧಿಕಾರಿಗಳಿಗೆ ಒಂದು ಕಾಗದ ಹಾಕಿ. ಪೆಂಡಾಲಿನ ಲೆಕ್ಕ ಕೇಳಲು ಹಿಂಜರಿಯದ ನಾವು ಇದಕ್ಕೆ ಯಾಕೆ ಹಿಂಜರಿಯಬೇಕು?