ನಡುವಿನವನ ಇಪ್ಪತ್ತು ನಿಮಿಷ

ಭಾನುವಾರ ರಾತ್ರಿ ಕೂತು ಇಡೀ ವಾರದ ವೇಳಾಪಟ್ಟಿ ಮಾಡೋದು ನನ್ನ ಹಳೇ ಚಾಳಿ. ಸಾಫ್ಟ್‌ವೇರ್ ಕೆಲಸದವಳಲ್ವಾ, ಎಕ್ಸೆಲ್ ಶೀಟ್ ಇಲ್ಲದೆ ನನಗೆ ಸೋಮವಾರ ಬೆಳಗಾಗೋದೇ ಇಲ್ಲ. ಮೂವರು ಮಕ್ಕಳಿಗೆ ಮೂರು ಬಣ್ಣ. ದೊಡ್ಡವಳಿಗೆ ಎಂಟೂವರೆ ವರ್ಷ, ನಡುವಿನವನಿಗೆ ಆರೂವರೆ, ಚಿಕ್ಕವಳಿಗೆ ಮೂರು. ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸೋಕೆ ಶುರುಮಾಡಿ ಇದು ಎರಡನೇ ವರ್ಷ. ಮಧ್ಯಾಹ್ನ ಎರಡಕ್ಕೆ ನಾನು ಲ್ಯಾಪ್‌ಟಾಪ್ ಮುಂದೆ ಕೂರಲೇಬೇಕು. ಅಷ್ಟರೊಳಗೆ ತಿಂಡಿ, ಸ್ನಾನ, ಪಾಠ, ಅಡುಗೆ ಎಲ್ಲ ಮುಗಿಯಬೇಕು.

ಸೋಮವಾರ ಒಂಬತ್ತೂವರೆಗೆ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದೆ. ಒಂಬತ್ತೂಮುಕ್ಕಾಲಿಗೆ ಚಿಕ್ಕವಳು ರಾಗಿಹಿಟ್ಟಿನ ಡಬ್ಬಿ ಬೋರಲು ಹಾಕಿದಳು. ಗುಡಿಸಿ, ಒರೆಸಿ, ಅವಳಿಗೆ ಮತ್ತೆ ಸ್ನಾನ ಮಾಡಿಸೋ ಹೊತ್ತಿಗೆ ಹತ್ತೂವರೆ. ಮಂಗಳವಾರ ಇಡ್ಲಿಗೆ ನೆನೆಹಾಕುತ್ತಾ ದೊಡ್ಡವಳಿಗೆ ಭಿನ್ನರಾಶಿ ಹೇಳಿಕೊಟ್ಟೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ. ಅಕ್ಕಿ ಒಂದೂವರೆ ಲೋಟವಾದರೆ? "ಅರ್ಧ" ಅಂದಳು. ಆಮೇಲೆ ತಾನೇ ಯೋಚಿಸಿ, "ಹಾಗಾದ್ರೆ ಎಲ್ಲ ಸೇರಿದ್ರೆ ಉದ್ದು ನಾಲ್ಕರಲ್ಲೊಂದು ಭಾಗ ಅಲ್ವಾಮ್ಮಾ?" ಅಂತ ಕೇಳಿದಳು. ನನಗೆ ಎಷ್ಟು ಖುಷಿಯಾಯ್ತೆಂದರೆ ಆ ಪಾಠವನ್ನೇ ಒಂದೂವರೆ ಗಂಟೆ ಬೆಳೆಸಿಬಿಟ್ಟೆ. ಬುಧವಾರ ಬೆಳಗ್ಗೆಯೇ ತುರ್ತು ಮೀಟಿಂಗ್ ಬಂತು. ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟು ಬಾಗಿಲು ಹಾಕಿಕೊಂಡೆ.

ಈ ಮೂರೂ ದಿನ ನಡುವಿನವನು ಏನೂ ತಕರಾರು ಮಾಡಲಿಲ್ಲ. ಗೋಡೆಗೆ ಒರಗಿ ಕೂತು ಕಥೆ ಪುಸ್ತಕವನ್ನು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದುತ್ತಿದ್ದ. "ಅವನೊಬ್ಬನ ಚಿಂತೆ ಇಲ್ಲ" ಅಂತ ಫೋನಿನಲ್ಲಿ ಅಮ್ಮನಿಗೂ ಹೇಳಿದ್ದೆ.

ಗುರುವಾರ ಹುಣಸೂರಿನಿಂದ ಅತ್ತೆ ಬಂದರು. ಅವರು ನಿವೃತ್ತ ಸರ್ಕಾರಿ ಶಾಲೆ ಟೀಚರ್. ಮೊಮ್ಮಗ ಓದೋದನ್ನು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಪುಟದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು, "ಇದೊಂದು ಏನು ಹೇಳು ಕಂದಾ" ಅಂದರು. ಅವನು ಸುಮ್ಮನಾದ. ಇನ್ನೊಂದು ಪದ ತೋರಿಸಿದರು. ಅದಕ್ಕೂ ಮಾತಿಲ್ಲ. ಕಣ್ಣಲ್ಲಿ ನೀರು ಬಂತು. ಅಕ್ಕ ಓದೋದನ್ನು ಕೇಳಿ ಕೇಳಿ ಇಡೀ ಪುಸ್ತಕ ಅವನಿಗೆ ಬಾಯಿಪಾಠವಾಗಿತ್ತು. ಯಾವ ಚಿತ್ರಕ್ಕೆ ಪುಟ ತಿರುಗಿಸಬೇಕು ಅನ್ನೋದೂ ಗೊತ್ತಿತ್ತು. ಓದೋಕೆ ಮಾತ್ರ ಬರ್ತಿರಲಿಲ್ಲ. ಅ ಆ ಇ ಈ ಹಾಡಿನ ಹಾಗೆ ಒಪ್ಪಿಸುತ್ತಿದ್ದವನಿಗೆ ನಡುವಿನ ಒಂದಕ್ಷರ ಬಿಡಿಯಾಗಿ ತೋರಿಸಿದರೆ ಗುರುತೇ ಸಿಗಲಿಲ್ಲ.

"ಅಕ್ಕಂಗೆ ಹೇಳ್ಬೇಡಿ ಅಜ್ಜಿ" ಅಂದ. ಆ ಮಾತು ನನ್ನನ್ನು ಚುಚ್ಚಿತು. ತನಗೆ ಬರಲ್ಲ ಅನ್ನೋದು ಆ ಮಗುವಿಗೆ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ರಾತ್ರಿ ನನ್ನ ಎಕ್ಸೆಲ್ ಶೀಟ್ ತೆಗೆದು ನೋಡಿದೆ. ಅವನ ಸಾಲಿನಲ್ಲೆಲ್ಲ ಹಸಿರು ಟಿಕ್! ಪಕ್ಕದಲ್ಲಿ, ಮೂರು ದಿನದಲ್ಲಿ ಯಾರ ಜೊತೆ ಎಷ್ಟು ಹೊತ್ತು ಕೂತಿದ್ದೆ ಅಂತ ಬರೆದೆ. ದೊಡ್ಡವಳ ಜೊತೆ ಮೂರು ಗಂಟೆಯ ಮೇಲೆ. ಚಿಕ್ಕವಳದ್ದು ಲೆಕ್ಕವೇ ಇಲ್ಲ. ಇವನ ಜೊತೆ ಹೆಚ್ಚೆಂದರೆ ಅರ್ಧ ಗಂಟೆ, ಅದೂ "ಪುಸ್ತಕ ತಗೋ, ಓದು" ಅನ್ನೋದಕ್ಕೆ. ನೆಂಟರು ಸಿಕ್ಕಾಗಲೆಲ್ಲ "ಮುಂದೆ ಪರೀಕ್ಷೆ ಹೇಗೆ?" ಅಂತ ಕೇಳ್ತಾರೆ. ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು, 14 ವರ್ಷ ತುಂಬಿರಬೇಕು ಅಂತ ಪಟಪಟ ಉತ್ತರ ಕೊಡ್ತೀನಿ. ಇವತ್ತು ಈ ಮಗುವಿಗೆ ಒಂದು ಪದ ಓದೋಕೆ ಬರುತ್ತಾ ಅಂತ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

ಅತ್ತೆ ಬೈಯಲಿಲ್ಲ. "ಒಂದೇ ಕೋಣೇಲಿ ಮೂರು ತರಗತಿ ಇಟ್ಕೊಂಡು ಪಾಠ ಮಾಡಿದೋಳು ನಾನು. ಗಲಾಟೆ ಮಾಡೋ ಮಗು ನಮ್ಮನ್ನ ಕರ್ಕೊಳ್ಳುತ್ತೆ, ಜಾಣ ಮಗು ಖುಷಿ ಕೊಟ್ಟು ಕರ್ಕೊಳ್ಳುತ್ತೆ. ಸುಮ್ಮನಿರೋ ಮಗು ಹತ್ರ ನಾವೇ ಹೋಗ್ಬೇಕಮ್ಮ" ಅಂದರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ ಅವರು ಅಲ್ಲೇ ಕೆಲಸದಲ್ಲಿದ್ದರು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು ನಮ್ಮ ಮೇಷ್ಟ್ರುಗಳು ಕಟ್ಟಿದ ಪದ್ಧತಿ ಅದು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರ್ತಾರೆ. ಒಂದು ಗುಂಪಿನ ಜೊತೆ ಟೀಚರ್ ಪೂರ್ತಿ ಇರ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡ್ತಾರೆ, ಮತ್ತೊಂದರಲ್ಲಿ ತಾವೇ ಕಲೀತಾರೆ. ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲೇ ಹತ್ತುತ್ತೆ. ನನ್ನ ಮಗ ಯಾವಾಗಲೂ ತಾನೇ ಕಲಿಯೋ ಗುಂಪಿನಲ್ಲಿ ಉಳಿದುಬಿಟ್ಟಿದ್ದ.

ಶುಕ್ರವಾರ ಅತ್ತೆ ಹಳೇ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಐದು ಅಕ್ಷರ ಬರೆದರು: ರ, ಗ, ಸ, ದ, ಅ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗೋದೇ ಹೀಗಂತೆ, ಅ ಆ ಇ ಈ ಅಂತಲ್ಲ. ಈ ಐದು ಬಂದರೆ ಸಾಕು, ಸರ, ಅರಸ, ಅಗಸ, ಗರಗಸ, ದಸರ ಎಲ್ಲ ಓದಬಹುದು. ದೊಡ್ಡವಳು ವರಾಂಡದಲ್ಲಿ ತಂಗಿಗೆ ಕಥೆ ಹೇಳ್ತಿದ್ದಳು. ನಾನು ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಇಪ್ಪತ್ತು ನಿಮಿಷ ಅವನೊಬ್ಬನ ಜೊತೆ ಕೂತೆ. ಚೀಟಿಗಳನ್ನು ಆಚೀಚೆ ಜೋಡಿಸುತ್ತಾ, "ಗ... ರ... ಗ... ಸ" ಅಂದ. ತಡವರಿಸುತ್ತಿದ್ದ. ಈ ಸಲ ನಿಜವಾಗಿ ಓದುತ್ತಿದ್ದ.

ಮನೆಯಲ್ಲೇ ಕಲಿಸೋರಿಗೆ, ಶಾಲೆಗೆ ಕಳಿಸಿ ಸಂಜೆ ಓದಿಸೋರಿಗೂ ನಾನು ಹೇಳೋದು ಇಷ್ಟೇ. ಪುಸ್ತಕದ ಮಧ್ಯದಿಂದ ಒಂದು ಪದ ತೋರಿಸಿ ಕೇಳಿ, ಅಣ್ಣ ಅಕ್ಕ ಎದುರಿಗಿಲ್ಲದಾಗ ಕೇಳಿ. ವೇಳಾಪಟ್ಟಿಯಲ್ಲಿ ಯಾವ ಪಾಠ ಅನ್ನೋದರ ಜೊತೆಗೆ, ಯಾವ ಮಗುವಿನ ಪಕ್ಕ ಎಷ್ಟು ಹೊತ್ತು ಕೂತಿರಿ ಅನ್ನೋದನ್ನೂ ಬರೆಯಿರಿ.

ಶನಿವಾರ ರಾತ್ರಿ ಮಲಗಿಸುವಾಗ ಅವನು, "ನಾಳೆ ರಜೆನಾ ಅಮ್ಮಾ?" ಅಂತ ಕೇಳಿದ. ಹೌದು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಎಲ್ರಿಗೂ ರಜೆ ಕೊಡು. ನನ್ನ ಇಪ್ಪತ್ತು ನಿಮಿಷ ಮಾತ್ರ ಇರ್ಲಿ" ಅಂದ.

ಈ ಭಾನುವಾರ ರಾತ್ರಿ ಪಟ್ಟಿ ಮಾಡುವಾಗ ಮೊದಲು ತುಂಬಿಸಿದ್ದು ಅದೇ ಚೌಕ.