ಗಾಡಿಯ ಗುಣ ಮಾತ್ರ ಹೇಳಿದರೆ ಸಾಕೇ?

ನಮ್ಮ ಕಡೆ ಇಬ್ಬರು ರೈತರು ಸೇರಿದರೆ ಮೊದಲು ಮಳೆಯ ಮಾತು, ಆಮೇಲೆ ರೇಟಿನ ಮಾತು, ಮೂರನೆಯದು ಗಾಡಿಯ ಮಾತು. ಅರಸೀಕೆರೆ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಚೀಲ ಇಳಿಸುವಾಗಲೂ ಇದೇ, ಹಳೇಬೀಡಿನಲ್ಲಿ ಜೋಳದ ಲೋಡು ತುಂಬುವಾಗಲೂ ಇದೇ. "ಹೆಂಗೈತಣ್ಣ ನಿಮ್ ಗಾಡಿ?" ಅಂತ ಒಬ್ಬರು ಕೇಳ್ತಾರೆ. "ಬೆಂಕಿ ಗಾಡಿ ಕಣಪ್ಪ, ಒಂದ್ ದಿನಕ್ಕೂ ಕೈ ಕೊಟ್ಟಿಲ್ಲ" ಅಂತ ಇನ್ನೊಬ್ಬರು ಹೇಳ್ತಾರೆ. ಹಿಂದಿನ ತಿಂಗಳು ಪಂಪ್ ಕೆಲಸಕ್ಕೆ ಎಷ್ಟು ಹೋಯಿತು, ಕ್ಲಚ್ ಪ್ಲೇಟ್ ಎಷ್ಟು ಸಲ ಹಾಕಿಸಿದರು ಅನ್ನುವುದು ಮಾತ್ರ ಬಾಯಿಗೆ ಬರುವುದಿಲ್ಲ.

ನನಗೆ ಇದರ ಬಗ್ಗೆಯೇ ತಕರಾರು. ಬೆಳೆಗೆ ರೋಗ ಬಂದರೆ ನಾವು ಮುಚ್ಚಿಡುವುದಿಲ್ಲ. ತೆಂಗಿಗೆ ನುಸಿ ಬಂದಾಗ ಊರೂರು ತಿರುಗಿ ಮಾತಾಡಿದೆವು. ಆಲೂಗಡ್ಡೆಗೆ ಅಂಗಮಾರಿ ಬಂದರೆ ಪಕ್ಕದವನಿಗೆ ತಕ್ಷಣ ಹೇಳುತ್ತೇವೆ. ಗಾಡಿಯ ರೋಗ ಮಾತ್ರ ಮನೆಯ ಗುಟ್ಟು. ಹಾಗೆ ಮುಚ್ಚಿಟ್ಟ ಗುಟ್ಟಿಗೆ ದುಡ್ಡು ತೆರುವವನು ನಮ್ಮಂಥವನೇ ಇನ್ನೊಬ್ಬ ಸಣ್ಣ ರೈತ. ಅವನು ಕೈಸಾಲ ಮಾಡಿ, ಹೆಂಡತಿಯ ಒಡವೆ ಅಡವಿಟ್ಟು ಹಳೆ ಟ್ರ್ಯಾಕ್ಟರನ್ನೋ ಪಿಕಪ್ಪನ್ನೋ ತಂದಿರುತ್ತಾನೆ.

ಎತ್ತಿಗೆ ನಾಲ್ಕು ಕಣ್ಣು, ಟ್ರ್ಯಾಕ್ಟರಿಗೆ ಒಂದು ಬಾಯಿ

ಹಿಂದೆ ರಾಮನಾಥಪುರದ ಜಾತ್ರೆಗೆ ಹಳ್ಳಿಕಾರ್ ಜೋಡಿ ಕೊಳ್ಳಲು ಹೋಗುವಾಗ ಯಾರೂ ಒಬ್ಬರೇ ಹೋಗುತ್ತಿರಲಿಲ್ಲ. ಹಲ್ಲು ನೋಡುವವರು ಒಬ್ಬರು, ಸುಳಿ ನೋಡುವವರು ಒಬ್ಬರು, ನಡೆಸಿ ಕಾಲು ನೋಡುವವರು ಇನ್ನೊಬ್ಬರು. ಟವೆಲ್ ಒಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವವರು ಕೊನೆಗೆ. ಮಾರುವವನೂ "ಎಡದ್ದು ಸ್ವಲ್ಪ ಮೊಂಡು, ಬಲಕ್ಕೆ ಕಟ್ಟಬೇಡಿ" ಎಂದು ಹೇಳಿ ಕೊಡುತ್ತಿದ್ದ. ಹಾಗೆ ಹೇಳದಿದ್ದರೆ ಮುಂದಿನ ಜಾತ್ರೆಯಲ್ಲಿ ಮುಖ ತೋರಿಸುವಂತಿರಲಿಲ್ಲ.

ಈಗ ಅದರ ಹತ್ತಾರು ಪಟ್ಟು ಹಣ ಕೊಟ್ಟು ಯಂತ್ರ ತರುತ್ತೇವೆ. ನೋಡುವ ಕಣ್ಣು ನಮ್ಮವಲ್ಲ, ನಂಬುವುದು ಬ್ರೋಕರ್ ಬಾಯನ್ನು. ಹೊಸ ಪೈಂಟು, ಹೊಸ ಸೀಟ್ ಕವರು, ತೊಳೆದ ಎಂಜಿನ್ ನೋಡಿ ಅಡ್ವಾನ್ಸ್ ಕೊಟ್ಟುಬಿಡುತ್ತೇವೆ. 2023ರಲ್ಲಿ ಶುಂಠಿ ಬೆಲೆ ಏರಿದಾಗ ನಮ್ಮ ಸುತ್ತಮುತ್ತ ಹೀಗೆ ಪಿಕಪ್ ತಂದವರನ್ನು ಕಂಡಿದ್ದೇನೆ. ಆಮೇಲೆ ಶುಂಠಿ ಬಿತ್ತು, ಕಂತು ಬೀಳಲಿಲ್ಲ.

ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ. ಆದರೆ ಅದರಲ್ಲಿ ತೋರಿಸುವವರು ಹೆಚ್ಚಾಗಿ ಹೊಸ ಗಾಡಿಯನ್ನು ಒಂದು ದಿನ ಓಡಿಸಿದವರು. ನಮಗೆ ಬೇಕಾದ್ದು ಐದು ವರ್ಷ ಓಡಿಸಿದವನ ಮಾತು, ಅದೂ ನಮ್ಮ ಮಣ್ಣಿನಲ್ಲಿ ಓಡಿಸಿದವನ ಮಾತು.

ಇಲ್ಲಿನ ಗಾಡಿ ಅಲ್ಲಿಗೆ ಹೊಂದದು

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಹೋಗಿ ನೋಡಿ. ಒಂದೇ ದಾರಿಯಲ್ಲಿ ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುತ್ತದೆ. ಅರಸೀಕೆರೆ ಕಡೆ ಗಾಡಿಗೆ ಶತ್ರು ಧೂಳು ಮತ್ತು ಬಿಸಿಲು. ಇಲ್ಲಿ ಏರ್ ಫಿಲ್ಟರ್ ಮತ್ತು ರೇಡಿಯೇಟರ್ ನೋಡಿಕೊಂಡವನ ಎಂಜಿನ್ ಉಳಿಯುತ್ತದೆ. ಬೇಲೂರಿನ ಕಾಫಿ ತೋಟಗಳ ಕಡೆ ಶತ್ರು ಕೆಸರು ಮತ್ತು ಇಳಿಜಾರು. ಅಲ್ಲಿ ಬ್ರೇಕು, ಕ್ಲಚ್ಚು, ಫೋರ್ ವೀಲ್ ಗೇರು ಮುಖ್ಯ. ಹಳೇಬೀಡಿನ ಜೋಳ, ಆಲೂಗಡ್ಡೆಯವರಿಗೆ ಲೋಡು ಎಳೆಯುವ ಶಕ್ತಿ ಬೇಕು. ಅಡಿಕೆ ಸಾಲಿನ ನಡುವೆ ಹೋಗಬೇಕಾದವರಿಗೆ ಅಗಲ ಕಡಿಮೆ ಇರುವ ಸಣ್ಣ ಟ್ರ್ಯಾಕ್ಟರೋ ಪವರ್ ಟಿಲ್ಲರೋ ಸಾಕು.

ರಾಗಿ ಒಕ್ಕಣೆಯದೇ ಒಂದು ಉದಾಹರಣೆ. ನಮ್ಮ ಕಡೆ ಕಣದ ಬದಲು ಟಾರ್ ರಸ್ತೆಯಲ್ಲೇ ರಾಗಿ, ಹುರುಳಿ ಹರಡುತ್ತಾರೆ. ಅದರ ಮೇಲೆ ಹಾದ ಗಾಡಿಯ ಚಕ್ರದ ಒಳಗೆ, ಶಾಫ್ಟಿಗೆ ಹುಲ್ಲು ಸುತ್ತಿಕೊಳ್ಳುತ್ತದೆ. ತೆಗೆಯದಿದ್ದರೆ ಆಯಿಲ್ ಸೀಲ್ ಹೋಗುತ್ತದೆ. ಸೈಲೆನ್ಸರ್ ಬಿಸಿಗೆ ಹುಲ್ಲು ತಾಗಿದರೆ ಬೆಂಕಿಯೂ ಹತ್ತಬಹುದು. ಈ ಮಾತನ್ನು ಕಂಪನಿಯ ಪುಸ್ತಕದಲ್ಲಿ ಹುಡುಕಿದರೆ ಸಿಗುತ್ತದೆಯೇ? ನಮ್ಮವರೇ ಒಬ್ಬರಿಗೊಬ್ಬರು ಹೇಳಬೇಕು.

ಕಾರ್ಖಾನೆ ಮುಚ್ಚಿದರೂ ಗಾಡಿ ಓಡುತ್ತಿದೆ

ಹೇಳಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ತಂತ್ರಜ್ಞಾನದಿಂದ ಜಾವಾ ಬೈಕು ತಯಾರಿಸಲು ಶುರುಮಾಡಿತು. ಆಮೇಲೆ ಅದೇ ಬೈಕು ಯೆಜ್ಡಿ ಹೆಸರಿನಲ್ಲಿ ಬಂತು. ಎರಡು ಸೈಲೆನ್ಸರು, ಕಿಕ್ಕರೇ ಗೇರ್ ಲಿವರ್ ಆಗುವ ಆ ಗಾಡಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ನಮ್ಮ ಹಳ್ಳಿಗಳಲ್ಲೂ ಓಡಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಬೈಕು ಬಂದರೂ ಅದರ ಎಂಜಿನ್ನೇ ಬೇರೆ, ಸಾಮಾನು ಹಳೆಯದಕ್ಕೆ ಆಗುವುದಿಲ್ಲ.

ಆದರೂ ಹಳೆ ಜಾವಾ, ಯೆಜ್ಡಿಗಳು ಇನ್ನೂ ಓಡುತ್ತಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅದರ ಅಭಿಮಾನಿಗಳು ಗಾಡಿ ಸಮೇತ ಸೇರುತ್ತಾರೆ. ಸೇರುವುದು ಬರೀ ಮೆರವಣಿಗೆಗಲ್ಲ. ಯಾವ ಸಾಮಾನು ಎಲ್ಲಿ ಸಿಗುತ್ತದೆ, ಯಾವ ಮೆಕ್ಯಾನಿಕ್‌ಗೆ ಪಾಯಿಂಟ್ ಸೆಟ್ ಮಾಡುವುದು ಗೊತ್ತು, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು, ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಕಂಪನಿ ಇಲ್ಲದ ಗಾಡಿಯನ್ನು ಬದುಕಿಸಿದ್ದು ಈ ಮಾತುಕತೆ.

ಅವರದು ಹವ್ಯಾಸ, ನಮ್ಮದು ಹೊಟ್ಟೆಪಾಡು. ಹಾಗಾದರೆ ನಮಗೆ ಇದು ಇನ್ನೂ ಹೆಚ್ಚು ಬೇಕಲ್ಲವೇ? ಅದೇ ಜೆಕೊಸ್ಲೊವಾಕಿಯಾದಿಂದ ಬಂದ ಜೀಟರ್ ತಂತ್ರಜ್ಞಾನದಲ್ಲಿ ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡಿತು. ಆ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಗಟ್ಟಿ ಯಂತ್ರ ಎಂದು ಹಳೆ ಎಚ್‌ಎಂಟಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅಂಥದ್ದನ್ನು ಕೊಳ್ಳಲು ಹೊರಟವನು ಮೊದಲು ಕೇಳಬೇಕಾದ್ದು ಬೆಲೆಯನ್ನಲ್ಲ. "ಸಾಮಾನು ಎಲ್ಲಿಂದ ತರ್ತೀರಿ? ಯಾರು ರಿಪೇರಿ ಮಾಡ್ತಾರೆ?" ಎಂದು ಕೇಳಬೇಕು. ಮೆಕ್ಯಾನಿಕ್ ಇಪ್ಪತ್ತು ಕಿಲೋಮೀಟರ್ ಒಳಗೆ ಇಲ್ಲದ ಗಾಡಿ ಎಷ್ಟು ಅಗ್ಗವಾದರೂ ದುಬಾರಿಯೇ. ಬಿತ್ತನೆಯ ಹದ ಮೂರು ದಿನ ಇರುತ್ತದೆ, ಸಾಮಾನು ಬರಲು ವಾರ ಹಿಡಿಯುತ್ತದೆ.

ಕೊಳ್ಳುವವನು ನೋಡಬೇಕಾದ್ದು

ನಾನು ಹಳೆಯ 35 ಹೆಚ್.ಪಿ. ಟ್ರ್ಯಾಕ್ಟರೊಂದನ್ನು ಹಲವು ವರ್ಷದಿಂದ ಇಟ್ಟುಕೊಂಡವನು. ಊರಿನವರ ಜೊತೆ ಗಾಡಿ ನೋಡಲು ಹೋಗುವಾಗ ನಾನು ನೋಡುವುದು ಇಷ್ಟು.

1. ಬೆಳಿಗ್ಗೆಯೇ ಹೋಗಿ. "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಏನೋ ಮುಚ್ಚುತ್ತಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೋ ಅದೇ ಅದರ ನಿಜವಾದ ಆರೋಗ್ಯ.

2. ಆಯಿಲ್ ಕ್ಯಾಪ್ ಬಿಚ್ಚಿ, ಡಿಪ್‌ಸ್ಟಿಕ್ ಎಳೆದು ನೋಡಿ. ಮಜ್ಜಿಗೆಯಂಥ ಬಿಳಿ ಕಂಡರೆ ಆಯಿಲಿಗೆ ನೀರು ಸೇರಿದೆ. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಿರಿ. ಆಮೇಲೆ ಸ್ಟಾರ್ಟ್ ಮಾಡಿದಾಗ ಒಳಗೆ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ.

3. ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಬಿಡದೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಬೋರು ಸವೆದಿರಬಹುದು. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ನಾಝಲ್, ಪಂಪ್ ಕಡೆ ನೋಡಬೇಕು.

4. ಟ್ರ್ಯಾಕ್ಟರಾದರೆ ಹಿಂದೆ ಉಪಕರಣ ಕಟ್ಟಿ ಮೇಲೆತ್ತಿ ನಿಲ್ಲಿಸಿ. ಬೇಗ ಬೇಗ ಕೆಳಗಿಳಿದರೆ ಹೈಡ್ರಾಲಿಕ್ ಕೆಲಸ ಬಂದಿದೆ. ಎಡ ಬಲದ ಬ್ರೇಕ್ ಪೆಡಲ್‌ಗಳನ್ನು ಸೇರಿಸುವ ಕೊಂಡಿ ಇದೆಯಾ ನೋಡಿ. ರಸ್ತೆಯಲ್ಲಿ ಆ ಕೊಂಡಿ ಹಾಕದೆ ಒಂದೇ ಬ್ರೇಕ್ ತುಳಿದರೆ ಟ್ರ್ಯಾಕ್ಟರ್ ಒಂದೇ ಕಡೆಗೆ ತಿರುಗಿ ಮಗುಚುತ್ತದೆ.

5. ಪಿಕಪ್, ಜೀಪು, ಓಮ್ನಿಯಾದರೆ ಕೆಳಗೆ ಮಲಗಿ ಛಾಸಿ ನೋಡಿ. ಗೊಬ್ಬರ, ಹಸಿ ಶುಂಠಿ ಹೊತ್ತ ಗಾಡಿಯ ಹೊಟ್ಟೆ ತುಕ್ಕು ಹಿಡಿದಿರುತ್ತದೆ. ಹೊಸ ಕಪ್ಪು ಪೈಂಟ್ ಬಳಿದಿದ್ದರೆ ಸ್ಕ್ರೂಡ್ರೈವರ್‌ನಿಂದ ತಟ್ಟಿ ನೋಡಿ. ಪೆಟ್ರೋಲ್ ಗಾಡಿಯಾದರೆ ರಬ್ಬರ್ ಪೈಪುಗಳನ್ನೂ ನೋಡಿ. ಈಗ ಬಂಕ್‌ಗಳಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬರುತ್ತಿದೆ. ಹಳೆಯ ಗಾಡಿಗಳ ಪೈಪು, ವಾಷರುಗಳನ್ನು ಇದಕ್ಕೆಂದು ಮಾಡಿದ್ದಲ್ಲ.

ಇಷ್ಟಕ್ಕೆ ಯಾವ ಡಿಗ್ರಿಯೂ ಬೇಡ. ಆದರೆ ಇದನ್ನೆಲ್ಲ ಮಾರುವವನೇ ಬಾಯಿಬಿಟ್ಟು ಹೇಳಿದರೆ ಎಲ್ಲರಿಗೂ ಸುಲಭ.

ದೋಷ ಹೇಳಿದರೆ ಗಾಡಿ ಯಾರು ಕೊಳ್ತಾರೆ?

ಈ ಪ್ರಶ್ನೆ ಬಂದೇ ಬರುತ್ತದೆ. ಪ್ರಾಮಾಣಿಕವಾದ ಪ್ರಶ್ನೆಯೇ. ಮಾರುವವನಿಗೂ ಸಾಲ ಇರುತ್ತದೆ. ನನ್ನ ಉತ್ತರ ಇಷ್ಟೇ: ಕ್ಲಚ್ ಹೋಗಿದ್ದರೆ ಕ್ಲಚ್ಚಿನ ಖರ್ಚಿನಷ್ಟು ಬೆಲೆ ಇಳಿಯುತ್ತದೆ, ಅದಕ್ಕಿಂತ ಹೆಚ್ಚಲ್ಲ. ಮುಚ್ಚಿಟ್ಟು ಮಾರಿದರೆ ಕೊಂಡವನು ಎಲ್ಲಿಗೆ ಹೋಗುತ್ತಾನೆ? ಜಾವಗಲ್‌ನವನು ಹಳೇಬೀಡಿಗೆ ಮಾರುತ್ತಾನೆ, ಹಳೇಬೀಡಿನವನು ಬೇಲೂರಿಗೆ. ಅದೇ ಸಂತೆ, ಅದೇ ಮದುವೆ ಮನೆ, ಅದೇ ಪಂಕ್ತಿ.

ಇದಕ್ಕಿಂತ ದೊಡ್ಡ ಅಪಾಯ ಕಾಗದಪತ್ರದಲ್ಲಿದೆ. ನಮ್ಮಲ್ಲಿ ಹಲವರು ಗಾಡಿ ಮಾರಿ ದುಡ್ಡು ಎಣಿಸಿಕೊಂಡರೆ ಮುಗಿಯಿತು ಎಂದುಕೊಂಡಿದ್ದಾರೆ. ಆರ್‌ಸಿ ಹಳೆ ಹೆಸರಲ್ಲೇ ಇರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಅವನೇ ಹೊಣೆ. ಇನ್ಶೂರೆನ್ಸ್ ಇಲ್ಲದ ಗಾಡಿಯಾದರೆ ನೀವು ಎಂದೋ ಮಾರಿದ ಗಾಡಿ ನಿಮ್ಮ ಜಮೀನನ್ನೇ ಹರಾಜಿಗೆ ತರಬಹುದು.

ಅದಕ್ಕೇ ಹೇಳುವುದು, ಮಾರಿದ ದಿನವೇ 29 ಮತ್ತು 30ನೇ ನಮೂನೆಗೆ ಸಹಿ ಆಗಲಿ. ರಾಜ್ಯದೊಳಗೆ ಮಾರಿದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು 35ನೇ ನಮೂನೆ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಇನ್ಶೂರೆನ್ಸ್ ಕೂಡ ಹೆಸರಿಗೆ ಮಾಡಿಸಿಕೊಳ್ಳಿ. ಟ್ರೇಲರಿಗೆ ಬೇರೆ ಆರ್‌ಸಿ ಇರುತ್ತದೆ, ಅದನ್ನು ಕೇಳಿ ಪಡೆಯಿರಿ.

ಅಸಲಿಗೆ ಗಾಡಿ ಬೇಕೇ?

ಗಾಡಿ ಇರುವವರು ಹೇಳದ ಇನ್ನೊಂದು ಸತ್ಯ ಇದು. ನಾಲ್ಕು ಎಕರೆಯವನಿಗೆ ಉಳುಮೆ, ಹರಗುವುದು, ಸಾಗಣೆ ಎಲ್ಲ ಸೇರಿ ವರ್ಷಕ್ಕೆ ಮೂವತ್ತು ಗಂಟೆ ಟ್ರ್ಯಾಕ್ಟರ್ ಬೇಕು ಎಂದಿಟ್ಟುಕೊಳ್ಳಿ. ಬಡ್ಡಿ, ಇನ್ಶೂರೆನ್ಸ್, ರಿಪೇರಿ ಸೇರಿ ವರ್ಷಕ್ಕೆ ಅರವತ್ತು ಸಾವಿರ ಬಿದ್ದರೆ ಗಂಟೆಗೆ ಎರಡು ಸಾವಿರ ಆಯಿತು, ಡೀಸೆಲ್ ಬೇರೆ. ನಿಮ್ಮೂರಿನ ಬಾಡಿಗೆ ದರವನ್ನು ಇದರ ಪಕ್ಕ ಬರೆದು ನೋಡಿ. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ. ಬಾಡಿಗೆ ಗಾಡಿ ಹದಕ್ಕೆ ಸರಿಯಾಗಿ ಸಿಗುವುದಿಲ್ಲ ಎನ್ನುವುದು ನಿಜ. ಹಾಗಿದ್ದರೆ ಮೂರು ನಾಲ್ಕು ಜನ ಸೇರಿ ಒಂದು ಕೊಳ್ಳುವ ದಾರಿ ಇದೆ. ಮನೆ ಮುಂದೆ ಗಾಡಿ ನಿಂತಿರಬೇಕು ಎಂಬ ಆಸೆ ತಪ್ಪಲ್ಲ. ಆ ಆಸೆಯ ಬೆಲೆ ಎಷ್ಟು ಎಂದು ಗೊತ್ತಿರಬೇಕು ಅಷ್ಟೆ.

ಹೀಗೆ ಮಾಡಬಹುದಲ್ಲ?

ದೊಡ್ಡ ಸಂಘ, ಪದಾಧಿಕಾರಿ, ರಸೀದಿ ಪುಸ್ತಕ ಏನೂ ಬೇಡ. ಗಾಡಿ ಇರುವ ಪ್ರತಿಯೊಬ್ಬರೂ ನಲವತ್ತು ಪುಟದ ಒಂದು ನೋಟ್‌ಬುಕ್ ಇಡಿ. ಯಾವತ್ತು ಆಯಿಲ್ ಬದಲಿಸಿದ್ದು, ಎಷ್ಟು ಗಂಟೆಗೆ, ಏನು ಕೆಟ್ಟಿತು, ಎಷ್ಟು ಖರ್ಚು, ಯಾರು ರಿಪೇರಿ ಮಾಡಿದರು, ಇಷ್ಟನ್ನು ಬರೆಯಿರಿ. ಗಾಡಿ ಮಾರುವಾಗ ಆ ಪುಸ್ತಕವನ್ನೂ ಕೊಡಿ. ಪುಸ್ತಕ ಇರುವ ಗಾಡಿಗೆ ನಾನಾದರೆ ನಾಲ್ಕು ಕಾಸು ಹೆಚ್ಚೇ ಕೊಡುತ್ತೇನೆ.

ಎರಡನೆಯದು, ತಿಂಗಳಿಗೊಂದು ಸಂತೆ ದಿನ ಊರಿನ ಗಾಡಿಯವರು ಒಂದು ಕಡೆ ಸೇರಿ. ಹಾಲಿನ ಡೈರಿ ಮುಂದೆಯೋ ಅರಳಿಕಟ್ಟೆಯಲ್ಲೋ ಅರ್ಧ ಗಂಟೆ ಸಾಕು. ನಿಯಮ ಒಂದೇ ಇರಲಿ: ಅವತ್ತು ಯಾರೂ ತಮ್ಮ ಗಾಡಿಯನ್ನು ಹೊಗಳುವಂತಿಲ್ಲ, ಕೆಟ್ಟಿದ್ದನ್ನು ಮಾತ್ರ ಹೇಳಬೇಕು. ಊರಿನ ಮೆಕ್ಯಾನಿಕ್‌ನನ್ನೂ ಕರೆಯಿರಿ, ಅವನ ಕಾಫಿ ಖರ್ಚು ನಮ್ಮದಿರಲಿ. ಅವನಿಗೆ ಗೊತ್ತಿರುವಷ್ಟು ನಮ್ಮ ಗಾಡಿಗಳ ಗುಟ್ಟು ಇನ್ಯಾರಿಗೆ ಗೊತ್ತು?

ಮೊದಲು ಬಾಯಿಬಿಡುವುದು ಕಷ್ಟ. ಅದಕ್ಕೆ ನಾನೇ ಶುರುಮಾಡುತ್ತೇನೆ. ನನ್ನ ಟ್ರ್ಯಾಕ್ಟರಿನ ಹೈಡ್ರಾಲಿಕ್ ಈಗ ನಿಧಾನ ಇಳಿಯುತ್ತಿದೆ, ಬಲಗಡೆ ಬ್ರೇಕ್ ಡ್ರಮ್ಮಿನಲ್ಲಿ ಆಯಿಲ್ ಜಿನುಗುತ್ತದೆ, ಮುಂದಿನ ಟೈರು ಈ ಮಳೆಗಾಲಕ್ಕೆ ಕೊನೆ. ಎಂಜಿನ್ ಗಟ್ಟಿಯಾಗಿದೆ. ಯಾರಾದರೂ ಕೊಳ್ಳಲು ಬಂದರೆ ಇದನ್ನೇ ಹೇಳುತ್ತೇನೆ. ನಿಮ್ಮದು ಹೆಂಗೈತೆ, ಬರೀರಿ.