ಡಾಫ್ನೆ ದ್ವೀಪದ ನಲವತ್ತು ವರ್ಷ

ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಸಮೂಹದಲ್ಲಿ ಡಾಫ್ನೆ ಮೇಜರ್ ಎಂಬ ಪುಟ್ಟ ಜ್ವಾಲಾಮುಖಿ ಗುಡ್ಡವಿದೆ. ವಿಸ್ತೀರ್ಣ ಅರ್ಧ ಚದರ ಕಿಲೋಮೀಟರೂ ಇಲ್ಲ, ಜನವಸತಿಯಂತೂ ಇಲ್ಲವೇ ಇಲ್ಲ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಲ್ಲಿ ಅಲ್ಲಿ ಕೆಲಸ ಶುರುಮಾಡಿದರು. ಫಿಂಚ್ ಹಕ್ಕಿಗಳನ್ನು ಬಲೆಯಲ್ಲಿ ಹಿಡಿಯುವುದು, ಕಾಲಿಗೆ ಗುರುತಿನ ಉಂಗುರ ತೊಡಿಸುವುದು, ಕೊಕ್ಕು ಅಳೆದು ಬಿಡುವುದು. ಸುಮಾರು ನಲವತ್ತು ವರ್ಷ ಇದೇ ಕೆಲಸ. ಅದು ಆರಂಭವಾಗಿ ಅರ್ಧ ಶತಮಾನ ದಾಟಿರುವ ಈ ಹೊತ್ತಿನಲ್ಲಿ, ಜೀವವಿಕಾಸದ ಬಗ್ಗೆ ನಮ್ಮ ತಿಳಿವಳಿಕೆಗೆ ಆ ಗುಡ್ಡ ಏನು ಕೊಟ್ಟಿತು ಎಂದು ಲೆಕ್ಕ ಹಾಕಬೇಕಿದೆ.

1835ರಲ್ಲಿ ಐದು ವಾರ ಈ ದ್ವೀಪಗಳಲ್ಲಿದ್ದ ಡಾರ್ವಿನ್, ಫಿಂಚ್‌ಗಳನ್ನು ಸಂಗ್ರಹಿಸಿದರೂ ಯಾವುದು ಯಾವ ದ್ವೀಪದ್ದೆಂದು ಸರಿಯಾಗಿ ಗುರುತು ಹಾಕಿರಲಿಲ್ಲ. ಅವು ಬೇರೆಬೇರೆ ಪ್ರಭೇದಗಳೆಂದು 1837ರಲ್ಲಿ ತಿಳಿಸಿದವನು ಪಕ್ಷಿತಜ್ಞ ಜಾನ್ ಗೌಲ್ಡ್. ನಿಸರ್ಗದ ಆಯ್ಕೆ ಬಲು ನಿಧಾನ, ಯುಗಗಳು ಕಳೆದ ಮೇಲೆ ಫಲವನ್ನಷ್ಟೇ ಕಾಣಬಹುದು ಎಂಬುದು 1859ರಲ್ಲಿ ಡಾರ್ವಿನ್‌ ಹೇಳಿದ ಮಾತು. ಬಹುಕಾಲ ಹೆಚ್ಚಿನವರು ಹಾಗೆಯೇ ನಂಬಿದ್ದರು.

1977ರಲ್ಲಿ ಡಾಫ್ನೆಗೆ ಬಿದ್ದ ಮಳೆ ಬರೀ 24 ಮಿಲಿಮೀಟರ್. ಸಣ್ಣ, ಮೆದು ಬೀಜಗಳು ಬೇಗ ಮುಗಿದುಹೋದವು. ಉಳಿದದ್ದರಲ್ಲಿ ಮುಖ್ಯವಾದದ್ದು, ನಮ್ಮ ಹೊಲದ ಬದುಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲಮುಳ್ಳಿನ ಕುಲಕ್ಕೇ ಸೇರಿದ ಗಿಡದ ಗಟ್ಟಿ ಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕೇ ಬೇಕು. ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಸತ್ತವು. ಬದುಕುಳಿದವುಗಳ ಕೊಕ್ಕಿನ ಸರಾಸರಿ ದಪ್ಪ ಹಿಂದಿಗಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚಿತ್ತು. ಮರಿಗಳೂ ದಪ್ಪ ಕೊಕ್ಕಿನವೇ ಆದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬರ ಬಂತೆಂದು ಯಾವ ಹಕ್ಕಿಯೂ ತನ್ನ ಕೊಕ್ಕನ್ನು ಬೆಳೆಸಿಕೊಳ್ಳಲಿಲ್ಲ. ಕೊಕ್ಕಿನ ಗಾತ್ರದಲ್ಲಿ ವ್ಯತ್ಯಾಸ ಮೊದಲೇ ಇತ್ತು, ಅದು ತಂದೆತಾಯಿಯಿಂದ ಮರಿಗೆ ಇಳಿಯುತ್ತಿತ್ತು, ಬರದಲ್ಲಿ ಕೆಲವಕ್ಕೆ ಸಾವು ಬಂದು ಕೆಲವಕ್ಕೆ ಸಂತಾನ ಸಿಕ್ಕಿತು. ಬದಲಾದದ್ದು ಹಕ್ಕಿಯಲ್ಲ, ಹಕ್ಕಿಗಳ ಸಮುದಾಯ. ಜಿರಾಫೆ ಎಟುಕಿಸಿ ಎಟುಕಿಸಿ ಕತ್ತು ಉದ್ದ ಮಾಡಿಕೊಂಡಿತು ಎಂದು ಈಗಲೂ ಹೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಗ್ರಾಂಟ್ ದಂಪತಿ 1978ರಲ್ಲೇ ಗಂಟುಮೂಟೆ ಕಟ್ಟಿದ್ದರೆ, ದೊಡ್ಡ ಕೊಕ್ಕೇ ಶ್ರೇಷ್ಠ, ವಿಕಾಸ ಅತ್ತಲೇ ಸಾಗುತ್ತದೆ ಎಂಬ ಅರ್ಧಸತ್ಯ ಜಗತ್ತಿಗೆ ಉಳಿಯುತ್ತಿತ್ತು. ಅವರು ಉಳಿದರು. 1983ರ ಎಲ್ ನಿನೊ 1,300 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿತು. ದ್ವೀಪವೆಲ್ಲ ಬಳ್ಳಿ ಹಬ್ಬಿ ಸಣ್ಣ ಬೀಜಗಳು ತುಂಬಿಕೊಂಡವು. ಮುಂದಿನ ಒಣ ವರ್ಷಗಳಲ್ಲಿ ಗೆದ್ದದ್ದು ಸಣ್ಣ ಕೊಕ್ಕು. ಅದೇ ಸಮಯಕ್ಕೆ ದೈತ್ಯ ಕೊಕ್ಕಿನ ಇನ್ನೊಂದು ಫಿಂಚ್ ಬಂದು ದ್ವೀಪದಲ್ಲಿ ನೆಲೆಸಿತ್ತು. 2004ರ ವೇಳೆಗೆ ಮತ್ತೆ ಬರ ಬಿದ್ದಾಗ ಗಟ್ಟಿ ಕಾಯಿಗಳನ್ನೆಲ್ಲ ಅದು ತಿಂದು ಮುಗಿಸಿತು. ಈ ಸಲ ಹೆಚ್ಚಾಗಿ ಸತ್ತವು, 1977ರಲ್ಲಿ ಬದುಕಿಸಿದ್ದ ಅದೇ ದಪ್ಪ ಕೊಕ್ಕಿನ ಮಧ್ಯಮ ಫಿಂಚ್‌ಗಳು! ಕೊಕ್ಕಿನ ಗಾತ್ರಕ್ಕೆ ಸಂಬಂಧಿಸಿದ ಎಚ್‌ಎಂಜಿಎ2 ಎಂಬ ಜೀನ್‌ನ ರೂಪಭೇದಗಳಲ್ಲೂ ಆ ಸಾವುಗಳ ಗುರುತಿದೆ ಎಂದು 2016ರಲ್ಲಿ ಗೊತ್ತಾಯಿತು.

‘ಬಲಿಷ್ಠರೇ ಉಳಿಯುತ್ತಾರೆ’ ಎಂಬ ಘೋಷಣೆಗೆ ಈ ದಾಖಲೆಗಳಲ್ಲಿ ಆಧಾರವಿಲ್ಲ. ಅದರ ಮೂಲ ರೂಪವೂ ಡಾರ್ವಿನ್‌ನದಲ್ಲ; 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಬಳಸಿದ್ದನ್ನು ಡಾರ್ವಿನ್ ಆಮೇಲೆ ತೆಗೆದುಕೊಂಡದ್ದು. ಜನಾಂಗದ ಮೇಲುಕೀಳನ್ನು ಸಮರ್ಥಿಸಲು ಈ ಮಾತನ್ನು ಬಳಸಿದವರು ಮಾಡಿದ ಅನಾಹುತ ಸಣ್ಣದಲ್ಲ. ಯಾರು ತಕ್ಕವರು ಎಂಬುದನ್ನು ಡಾಫ್ನೆಯಲ್ಲಿ ತೀರ್ಮಾನಿಸಿದ್ದು ಆ ವರ್ಷದ ಮಳೆ, ನೆಲದ ಬೀಜ ಮತ್ತು ನೆರೆಗೆ ಬಂದ ಹಕ್ಕಿ.

ಹೊಸ ಪ್ರಭೇದ ಹುಟ್ಟುವುದನ್ನು ಯಾರು ಕಂಡಿದ್ದಾರೆ ಎಂದು ಕೇಳುವವರೂ ಇದ್ದಾರೆ. 1981ರಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎಸ್ಪನ್ಯೋಲ ದ್ವೀಪದಿಂದ ಒಂಟಿ ಗಂಡು ಫಿಂಚ್ ಡಾಫ್ನೆಗೆ ಬಂತು. ಸ್ಥಳೀಯ ಹೆಣ್ಣಿನೊಡನೆ ಕೂಡಿತು. ಕೆಲವೇ ತಲೆಮಾರುಗಳಲ್ಲಿ ಅದರ ವಂಶಜರು ತಮ್ಮೊಳಗೇ ಜೋಡಿಯಾಗತೊಡಗಿದರು. ಆ ಗಂಡಿನ ಮೂಲ 2017ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ಇದನ್ನು ಪೂರ್ಣ ಪ್ರಭೇದ ಎನ್ನಬೇಕೇ ಎಂಬ ಚರ್ಚೆ ಇರಲಿ. ಪ್ರತ್ಯೇಕ ವಂಶವೊಂದು ಆರಂಭವಾದದ್ದನ್ನು ಮೊದಲ ಹಕ್ಕಿಯಿಂದ ಹಿಡಿದು ಬರೆದಿಟ್ಟಿದ್ದಾರೆ.

ಇಷ್ಟೆಲ್ಲ ಸಾಕ್ಷ್ಯ ಕೈಗೆ ಬಂದಿರುವಾಗಲೇ, 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ತೆಗೆದುಹಾಕಿತು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬ ಸಮರ್ಥನೆ ನನಗೆ ಒಪ್ಪಿತವಲ್ಲ. ವಾಣಿಜ್ಯ, ಕಲೆ, ಐಟಿಐ ಎಂದು ಹೋಗುವ ಮಕ್ಕಳಿಗೆ ಹತ್ತನೆಯದೇ ಕೊನೆಯ ಅವಕಾಶ. ಆ್ಯಂಟಿಬಯೊಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ, ಕೀಟನಾಶಕಕ್ಕೆ ಸಾಯದ ಹುಳು ನಾಳೆ ಅವರ ಮನೆಗೆ, ಅವರ ಹೊಲಕ್ಕೇ ಬರುವಂಥವು. ಪಾಠ ಹಿಂದಿನ ರೂಪದಲ್ಲೇ ಮರಳಬೇಕಾಗಿಲ್ಲ. ಮಂಗ ಮೆಲ್ಲಮೆಲ್ಲನೆ ನೆಟ್ಟಗಾಗಿ ಮನುಷ್ಯನಾಗುವ ಆ ಹಳೆಯ ಸಾಲುಚಿತ್ರ ಇನ್ನು ಬೇಡ. ಅದರ ಜಾಗದಲ್ಲಿ ಡಾಫ್ನೆಯ ಕೊಕ್ಕಿನ ಅಳತೆಗಳನ್ನು, ಏರಿದ್ದು ಇಳಿದದ್ದು ಎರಡನ್ನೂ ಸೇರಿಸಿ ಅಚ್ಚುಹಾಕಿ, ಮಕ್ಕಳ ಕೈಯಲ್ಲೇ ಗ್ರಾಫ್ ಬರೆಸಲಿ.